ಖಾಲಿ ಬಿಟ್ಟ ನಾಲ್ಕು ಟರ್ಮಿನಲ್

ನಾನು ಒಂದು ಕಡೆ ಕೂರುವವಳಲ್ಲ. ಈ ಒಂದು ಸಾಲು ಬರೆಯುವಷ್ಟರಲ್ಲಿ ಎದ್ದು ಹೋಗಿ ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ನೋಡಿ ಬಂದಿದ್ದೇನೆ. ಇನ್ನೊಂದು ಸಾಲಿಗೆ ಗೀಸರ್ ನೆನಪಾಗುತ್ತದೆ. ನಮ್ಮ ಯಜಮಾನರು, ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಅಲುಗದೆ ಕೂತು ನಿವೃತ್ತರಾದವರು, ಬಂದವರಿಗೆಲ್ಲ ಹೇಳುತ್ತಾರೆ: "ನಮ್ಮಾಕಿ ಮಲಗಿದ್ರೂ ಒಂದು ಕಾಲು ನೆಲದ ಮ್ಯಾಲೆ ಇರ್ತೈತಿ ನೋಡ್ರಿ." ಬಂದವರು ನಗುತ್ತಾರೆ, ನಾನೂ ನಗುತ್ತೇನೆ. ಈ ಚಡಪಡಿಕೆ ಎಲ್ಲಿಂದ ಬಂತೆಂದು ಮಾತ್ರ ಅವರಿಗೂ ಹೇಳಿರಲಿಲ್ಲ.

ನಾಲ್ಕು ದಶಕ ವಾಹನಗಳ ವೈರಿಂಗ್ ಮಾಡಿದವಳು ನಾನು. ಅಹಮದಾಬಾದ್, ಸೂರತ್, ವಡೋದರಾ, ಮೂರು ಊರಿನಲ್ಲೂ ಅನ್ನ ಹಾಕಿದ್ದು ಬ್ಯಾಟರಿಯೇ. ಬಡ್ತಿ, ಬೀಳ್ಕೊಡುಗೆ, ಶಾಲು ಇವನ್ನೆಲ್ಲ ಬರೆಯುವುದಿಲ್ಲ. ಶಾಲನ್ನು ಸ್ಕೂಟರಿನ ಸೀಟಿಗೆ ಹೊದಿಸಿದ್ದೇನೆ, ಬಿಸಿಲಿಗೆ ಒಳ್ಳೆಯದಾಯಿತು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಬೇಕಾಗುವುದು ಬೇರೆಯೇ ಇದೆ. ಅದನ್ನು ಬರೆಯಲು ಕೂರಿಸಿದವಳು ಅನಘಾ.

ಅನಘಾ ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ತುಮಕೂರಿನ ಹುಡುಗಿ. ಇಂಜಿನಿಯರಿಂಗ್ ಮುಗಿಸಿ, ಇಲ್ಲೇ ವಡೋದರಾದ ಹೊರವಲಯದಲ್ಲಿ ಹವ್ಯಾಸಿಗಳ ರೇಸ್ ಕಾರು ತಯಾರು ಮಾಡುವ ಸಣ್ಣ ಗ್ಯಾರೇಜಿಗೆ ಸೇರಿ ಮೂರು ತಿಂಗಳಾಗಿದೆ. ಮೊನ್ನೆ ಗುರುವಾರ ಸಂಜೆ ಒಂದು ಪೆಟ್ಟಿಗೆ ಹಿಡಿದು ಅಡುಗೆಮನೆಗೇ ಬಂದಳು. ಒಳಗಿದ್ದದ್ದು ಭಾನುವಾರ ಓಡಿಸಿ ನೋಡಬೇಕಿದ್ದ ಒಂದು ಕಾರಿನ ಕೆಂಪು ಕೀಲಿಯ ಕಟಾಫ್ ಸ್ವಿಚ್. ರೇಸ್ ಕಾರು ಉರುಳಿಬಿದ್ದರೆ ಹೊರಗೆ ನಿಂತವರು ಆ ಕೀಲಿ ತಿರುಗಿಸಬೇಕು, ಇಡೀ ಕಾರಿನ ವಿದ್ಯುತ್ತು ಅಲ್ಲಿಗೇ ಕಡಿಯಬೇಕು. ಅದಕ್ಕಾಗಿ ಇರುವ ಸ್ವಿಚ್ ಅದು.

"ಆಂಟಿ, ಇದ್ರಲ್ಲಿ ದಪ್ಪ ಟರ್ಮಿನಲ್ ಎರಡು ಇದೆ, ಸಣ್ಣದು ನಾಲ್ಕು ಇದೆ. ದಪ್ಪದ್ದು ಬ್ಯಾಟರಿ ಕೇಬಲ್ಲಿಗೆ, ಗೊತ್ತಾಯ್ತು. ಸಣ್ಣವು ಯಾಕೆ? ನಮ್ಮ ಸರ್ ಹೇಳ್ತಾರೆ, ಟೇಪ್ ಸುತ್ತಿ ಖಾಲಿ ಬಿಟ್ಬಿಡು ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಹೆಗಲಿಗೆ ಹೋಗಲಿಲ್ಲ, ಅಷ್ಟೇ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ಕಣ್ಣೆದುರೇ ಹರಿಯುತ್ತಿದ್ದರೂ, ಯಾವಾಗಲೂ ಒಲೆಗೆ ಕಾವಲಿರುವ ನಾನು ಆರಿಸಲಿಲ್ಲ. ಅನಘಾಳೇ ಆರಿಸಿದಳು.

"ಭಾನುವಾರ ಆ ಕಾರು ಯಾರು ಓಡಸ್ತಾರವಾ?" ಎಂದೆ.

"ನಾನೇ ಆಂಟಿ! ಟೆಸ್ಟ್ ರನ್ ನಂದೇ ಅಂದಿದಾರೆ ಸರ್."

"ನಾಳೆ ನಾನೂ ಗ್ಯಾರೇಜಿಗೆ ಬರ್ತೀನಿ. ಅಲ್ಲೀತನಕಾ ಏನೂ ಜೋಡಸಬ್ಯಾಡ. ಕೇಳಿತಿಲ್ಲೋ?"

ಅವಳು ಪೆಟ್ಟಿಗೆ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ನಾನು ಅದನ್ನು ನೋಡುತ್ತ ನಿಂತೆ. ನನ್ನ ಉಪಕರಣದ ಡಬ್ಬಿಯ ತಳದಲ್ಲಿ ಇಂಥದೇ ಇನ್ನೊಂದಿತ್ತು. ಅದರ ನಾಲ್ಕು ಸಣ್ಣ ಟರ್ಮಿನಲ್ಲಿಗೆ ನಾನೇ ಸುತ್ತಿದ ಕಪ್ಪು ಟೇಪು ಇನ್ನೂ ಬಿಟ್ಟುಕೊಂಡಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಅಪ್ಪ ರೈಲ್ವೆಯವರು. ಗದಗಿನಿಂದ ವಡೋದರಾಕ್ಕೆ ವರ್ಗವಾದಾಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತು ಅಹಮದಾಬಾದಿನ ವಟ್ವಾದಲ್ಲಿ ಒಂದು ಟ್ಯಾಂಕರ್ ವರ್ಕ್‌ಶಾಪಿಗೆ ಸೇರಿದೆ. ಸುತ್ತಲೂ ಬಣ್ಣದ ಕಾರ್ಖಾನೆಗಳು. ಚರಂಡಿಯ ನೀರು ಒಂದು ದಿನ ಕೆಂಪು, ಒಂದು ದಿನ ನೀಲಿ. ಆ ಕಾರ್ಖಾನೆಗಳಿಗೆ ಬೆಂಕಿ ತಾಗಿದರೆ ಭಗ್ಗೆನ್ನುವ ದ್ರಾವಣ ತರುವ ಲಾರಿಗಳಿಗೆ ವೈರಿಂಗ್ ಮಾಡುವುದು ನಮ್ಮ ಕೆಲಸ. ನಾನೊಬ್ಬಳೇ ಹೆಂಗಸು. ಹೆಂಗಸಿನ ಕೈಗೆ ತಕ್ಕದ್ದೆಂದು ವೈರಿಗೆ ಟೇಪು ಸುತ್ತಲು ಕೂರಿಸಿದರು. ಆರು ತಿಂಗಳು ಸುತ್ತಿದೆ. ಗೆರೆ ಎಳೆದ ಹಾಗೆ, ಒಂದು ಸುಕ್ಕಿಲ್ಲದೆ ಸುತ್ತುವುದು ಬಂತು. ಆ ಅಂದವೇ ಮುಂದೆ ನನಗೆ ಮುಳುವಾಯಿತು.

ಫೋರ್‌ಮನ್ ರಮಣ್‌ಭಾಯಿ. ಬಾಯಲ್ಲಿ ಸದಾ ಮಾವಾ, ಅಡಿಕೆ ತಂಬಾಕಿನ ಆ ಉಂಡೆ. ಅದನ್ನು ಉಗುಳದೆ ಆಡಿದ ಮಾತು ಗಂಭೀರವಲ್ಲ, ಉಗುಳಿ ಆಡಿದರೆ ಯಾರದೋ ಗ್ರಹಚಾರ ಕೆಟ್ಟಿದೆ ಎಂದು ಅರ್ಥ. ನಾನು ತಯಾರು ಮಾಡಿದ ಬ್ಯಾಟರಿ ಕೇಬಲ್ಲನ್ನು ನೆಲಕ್ಕೆ ಹಾಕಿ, ತುದಿಯ ತಾಮ್ರದ ಲಗ್ಗನ್ನು, ಬೋಲ್ಟಿಗೆ ಬಿಗಿಯುವ ಆ ಉಂಗುರವನ್ನು, ಬೂಟಿನಲ್ಲಿ ಮೆಟ್ಟಿ, ಎರಡೂ ಕೈಯಲ್ಲಿ ಎಳೆಯುತ್ತಿದ್ದರು. ಕಿತ್ತು ಬಂದರೆ ಕೇಬಲ್ ನನ್ನ ಮುಖಕ್ಕೆ. ಮೊದಲ ವಾರ ಹನ್ನೊಂದು ಕೇಬಲ್ ಮುಖಕ್ಕೆ ಬಂದವು. ಆಗೆಲ್ಲ ನಾವು ಲಗ್ಗನ್ನು ಬೆಂಕಿಗೆ ಹಿಡಿದು, ಬೆಸುಗೆಯ ಸೀಸ ಕರಗಿಸಿ ತುಂಬಿ ಕೇಬಲ್ ತೂರಿಸುತ್ತಿದ್ದೆವು. ನೋಡಲು ಕಾಲುಂಗುರದ ಹಾಗೆ ಹೊಳೆಯುತ್ತಿತ್ತು. ಆದರೆ ಸೀಸ ಎಳೆಗಳೊಳಗೆ ಹರಿದು ಗಟ್ಟಿಯಾಗಿ, ಲಾರಿಯ ನಡುಕಕ್ಕೆ ಸರಿಯಾಗಿ ಆ ಗಟ್ಟಿ ಮುಗಿಯುವ ಜಾಗದಲ್ಲೇ ತುಂಡಾಗುತ್ತಿತ್ತು. ಆಮೇಲೆ ಲಗ್ಗನ್ನು ಕೇಬಲ್ಲಿಗೆ ಒತ್ತಿ ಬಿಗಿಯುವ ಹೈಡ್ರಾಲಿಕ್ ಪ್ರೆಸ್ ಬಂತು, ಸೀಸ ಹೋಯಿತು. ರಮಣ್‌ಭಾಯಿಯ ಬೂಟು ಮಾತ್ರ ಹೋಗಲಿಲ್ಲ. ಇಂದಿಗೂ ಹೊಸ ಕೇಬಲ್ಲನ್ನು ನಾನು ಚಪ್ಪಲಿಯಲ್ಲಿ ಮೆಟ್ಟಿ ಎಳೆದೇ ನೋಡುವುದು. ನೀವೂ ಹಾಗೇ ಮಾಡಿ.

ನನ್ನ ಮೊದಲ ದೊಡ್ಡ ತಪ್ಪು ದಯೆಯಿಂದ ಆದದ್ದು. ಟ್ಯಾಂಕರಿಗೆ ಕಟಾಫ್ ಸ್ವಿಚ್ ಕಡ್ಡಾಯ. ಲೋಡಿಂಗ್ ಸಾಲಿನಲ್ಲಿ ನಿಂತಾಗ ಅದನ್ನು ಆಫ್ ಮಾಡಿರಬೇಕು. ಆಗ ಕ್ಯಾಬಿನ್ನಿನ ಫ್ಯಾನೂ ನಿಲ್ಲುತ್ತದೆ. ಮೇ ತಿಂಗಳ ಅಹಮದಾಬಾದ್. ವಯಸ್ಸಾದ ಒಬ್ಬ ಡ್ರೈವರ್, "ಬೇಟಿ, ನಾಲ್ಕು ಗಂಟೆ ಒಲೆಯಲ್ಲಿ ಕೂತ ಹಾಗಾಗುತ್ತೆ, ಫ್ಯಾನಿಗೊಂದು ದಾರಿ ಮಾಡು" ಎಂದ. ಆ ಲಾರಿಯಲ್ಲಿ ಸ್ವಿಚ್ ಇದ್ದದ್ದು ಬ್ಯಾಟರಿಯ ನೆಗೆಟಿವ್ ಕಡೆಯ ಕೇಬಲ್ಲಿನಲ್ಲಿ. ನಾನು ಫ್ಯಾನಿನಿಂದ ಒಂದು ತೆಳು ವೈರನ್ನು ಸ್ವಿಚ್ ತಪ್ಪಿಸಿ ನೇರ ಬ್ಯಾಟರಿಗೆ ಕಟ್ಟಿಕೊಟ್ಟೆ. ಅವನು ಹರಸಿ ಹೋದ. ಎರಡೇ ದಿನಕ್ಕೆ ನಮ್ಮ ಅಂಗಳದಲ್ಲೇ ಯಾರೋ ಸ್ವಿಚ್ ಆನ್ ಮಾಡುವುದನ್ನು ಮರೆತು ಲಾರಿ ಸ್ಟಾರ್ಟ್ ಮಾಡಲು ಹೋದರು. ಸ್ಟಾರ್ಟರ್ ಎಳೆದ ಕರೆಂಟಿಗೆಲ್ಲ ಲಾರಿಯ ಮೈಯಿಂದ ಬ್ಯಾಟರಿಗೆ ಮರಳಲು ಉಳಿದ ದಾರಿ ಆ ತೆಳು ವೈರೊಂದೇ. ಅದು ಉದ್ದಕ್ಕೂ ಕೆಂಪಗೆ ಕಾದು ಹೊಗೆ ಎದ್ದಿತು. ಟ್ಯಾಂಕು ತೊಳೆದು ಒಣಗಿಸಿದ್ದರಿಂದ ನಾವೆಲ್ಲ ಬದುಕಿದೆವು.

ರಮಣ್‌ಭಾಯಿ ಮಾವಾ ಉಗುಳಿದರು. ಬೈಯಲಿಲ್ಲ. ಸುಟ್ಟ ವೈರನ್ನು ನನ್ನ ಬೆಂಚಿನ ಎದುರು ಮೊಳೆಗೆ ನೇತುಹಾಕಿ, "ಇದು ನಿನ್ನ ದೇವರು. ದಿನಾ ನೋಡು" ಎಂದರು. ಎರಡು ವರ್ಷ ಅದು ಅಲ್ಲೇ ತೂಗುತ್ತಿತ್ತು.

ಆ ಮನುಷ್ಯ ನನಗೆ ಕಲಿಸಿದ ಇನ್ನೊಂದು ಮಂತ್ರ, "ಪಹಲೇ ಇಂಜಿನ್, ಬಾದ್ ಮೇ ಸ್ವಿಚ್." ಮೊದಲು ಇಂಜಿನ್ ನಿಲ್ಲಿಸು, ಆಮೇಲೆ ಸ್ವಿಚ್ ಆರಿಸು. ಇಂಜಿನ್ ಓಡುವಾಗಲೇ ಬ್ಯಾಟರಿ ಕಡಿದರೆ ಆಲ್ಟರ್ನೇಟರ್ ಹುಟ್ಟಿಸುವ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಜಿಗಿದು ಅದರ ಒಳಗಿನ ಡಯೋಡುಗಳು ಸುಡುತ್ತವೆ. ಹಾಗೆ ನಾನೂ ಒಂದನ್ನು ಸುಟ್ಟಿದ್ದೆ. ಆ ಹಳೇ ಡೀಸೆಲ್ ಲಾರಿ ನಿಲ್ಲಿಸಲು ವಿದ್ಯುತ್ತೇ ಬೇಕಿರಲಿಲ್ಲ, ಒಂದು ಗುಂಡಿ ಎಳೆದರೆ ಡೀಸೆಲ್ ನಿಂತು ಇಂಜಿನ್ ನಿಲ್ಲುತ್ತಿತ್ತು. ಟ್ಯಾಂಕರಿನ ಮಟ್ಟಿಗೆ ಆ ಮಂತ್ರ ನೂರಕ್ಕೆ ನೂರು ಸರಿ. ಹದಿನಾರು ವರ್ಷ ಅದನ್ನು ಜಪಿಸಿ ಜಪಿಸಿ ಅದು ನನ್ನ ಎಲುಬಿಗಿಳಿದಿತ್ತು.

ಯಜಮಾನರಿಗೆ ಸೂರತ್ತಿಗೆ ವರ್ಗವಾಯಿತು. ಅಲ್ಲಿ ವರಾಛಾದಲ್ಲಿ ಒಂದು ಕಾರು ವೈರಿಂಗ್ ಗ್ಯಾರೇಜಿಗೆ ಸೇರಿದೆ. ಆ ಬೀದಿಯಲ್ಲಿ ಮಹಡಿ ಮೇಲೆ ಮಹಡಿ ವಜ್ರ ಉಜ್ಜುವ ಕಾರ್ಖಾನೆಗಳು. ಎದುರಿನ ಕಟ್ಟಡದಲ್ಲಿ ಜಯೇಶ್‌ಭಾಯಿ ಎಂಬವರ ಕಾರ್ಖಾನೆಯಿತ್ತು. ಅವರ ತಮ್ಮ ಮಹೇಶ್ ಅಲ್ಲಿಯ ಅತ್ಯುತ್ತಮ ಕೈ. ಸಾಸಿವೆಗಿಂತ ಚಿಕ್ಕ ಹರಳನ್ನು ತಿರುಗುವ ಚಕ್ರಕ್ಕೆ ಒತ್ತಿ, ಎತ್ತಿ, ಮಸೂರದಲ್ಲಿ ನೋಡುವ ಮೊದಲೇ ಬೆರಳಿಗೆ ತಿಳಿಯುತ್ತದೆ ಎನ್ನುತ್ತಿದ್ದ. ನಾನು ನಂಬಿರಲಿಲ್ಲ. ಒಂದು ದಿನ ಕಣ್ಣು ಮುಚ್ಚಿಕೊಂಡು ನನ್ನ ಎರಡು ವೈರುಗಳನ್ನು ತಿಕ್ಕಿ ನೋಡಿ, ಯಾವುದರಲ್ಲಿ ಒಂದು ಎಳೆ ಕಡಿಮೆ ಇದೆ ಎಂದು ಹೇಳಿಬಿಟ್ಟ. ಎಣಿಸಿದರೆ ಸರಿಯಾಗಿತ್ತು.

ಜಯೇಶ್‌ಭಾಯಿಗೆ ಕಾರಿನ ಹುಚ್ಚು. ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡು, ಒಳಗಿನದನ್ನೆಲ್ಲ ಕಿತ್ತು ರೇಸಿಗೆ ತಯಾರು ಮಾಡಿಸುತ್ತಿದ್ದರು. ಕಟಾಫ್ ಸ್ವಿಚ್ಚಿನ ಕೆಲಸ ನನಗೆ ಬಂತು. ಇದರಲ್ಲಿ ನನ್ನ ಸಮಾನರಿಲ್ಲ ಎಂಬ ಜಂಬದಲ್ಲೇ ಕೈ ಹಾಕಿದೆ. ಪೆಟ್ಟಿಗೆ ಬಿಚ್ಚಿದರೆ ನಾಲ್ಕು ಸಣ್ಣ ಟರ್ಮಿನಲ್ ಹೆಚ್ಚಿಗೆ ಇದ್ದವು. ಟ್ಯಾಂಕರಿನಲ್ಲಿ ಕಂಡದ್ದಲ್ಲ. ಜೊತೆಗೆ ಬಂದ ಕಾಗದವನ್ನು ಓದುವ ತಾಳ್ಮೆ ಇರಲಿಲ್ಲ, ಯಾರನ್ನಾದರೂ ಕೇಳಲು ಮನಸ್ಸಿರಲಿಲ್ಲ. ಬೇಡದ್ದು ಎಂದುಕೊಂಡು ಟೇಪು ಸುತ್ತಿದೆ. ನನ್ನ ಟೇಪಿನ ಅಂದ ನೋಡಿ ಗ್ಯಾರೇಜಿನ ಮಾಲೀಕರು ಫೋಟೋ ತೆಗೆದುಕೊಂಡರು.

ಪರೀಕ್ಷೆ ಮಾಡಿದೆ. ಇಂಜಿನ್ ನಿಂತಿತ್ತು, ಹೆಡ್‌ಲೈಟ್ ಹಾಕಿ ಕೆಂಪು ಕೀಲಿ ತಿರುಗಿಸಿದೆ, ದೀಪ ಆರಿತು. ಜಯೇಶ್‌ಭಾಯಿ ಚಪ್ಪಾಳೆ ತಟ್ಟಿದರು. ಮಹೇಶ್ ಸ್ವಿಚ್ ಮತ್ತೆ ಆನ್ ಮಾಡಿ, ಕಾರಿನ ಒಳಗೆ ಕೈ ಹಾಕಿ ಇಂಜಿನ್ ಸ್ಟಾರ್ಟ್ ಮಾಡಿ, ಆ ಕೆಂಪು ಕೀಲಿಗೆ ಕೈ ಚಾಚಿದ.

"ಓಡುವಾಗಲೂ ಒಂದು ಸಲ ನೋಡೋಣ ಶಕುಬೆನ್?"

ನನ್ನ ಹೆಸರು ಶಕುಂತಲಾ, ಗುಜರಾತಿಗಳ ಬಾಯಲ್ಲಿ ಶಕುಬೆನ್. ನಾನು ಅವನ ಮಣಿಕಟ್ಟು ಹಿಡಿದು ಆಚೆ ಸರಿಸಿದೆ. "ಬೇಡ ಬೇಡ! ಓಡುವ ಇಂಜಿನ್ ಮೇಲೆ ತಿರುಗಿಸಬಾರದು. ಆಲ್ಟರ್ನೇಟರ್ ಸುಡುತ್ತೆ. ಪಹಲೇ ಇಂಜಿನ್, ಬಾದ್ ಮೇ ಸ್ವಿಚ್."

"ನೀವು ಹೇಳಿದ ಮೇಲೆ ಮುಗೀತು" ಎಂದು ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಆ ಮಣಿಕಟ್ಟು ಹಿಡಿದದ್ದು ನನ್ನ ಕೈಗೆ ಇನ್ನೂ ನೆನಪಿದೆ. ಅವನು ಆ ಕ್ಷಣ ಕೀಲಿ ತಿರುಗಿಸಿದ್ದರೆ ಇಂಜಿನ್ ನಿಲ್ಲದೆ ಓಡುತ್ತಲೇ ಇರುತ್ತಿತ್ತು, ನನ್ನ ತಪ್ಪು ಎಲ್ಲರೆದುರು ಬಯಲಾಗುತ್ತಿತ್ತು, ಮಧ್ಯಾಹ್ನದೊಳಗೆ ಸರಿ ಮಾಡುತ್ತಿದ್ದೆ. ಏಕೆಂದರೆ ಪೆಟ್ರೋಲ್ ಕಾರಿನ ಇಂಜಿನ್ನಿಗೆ ಕಿಡಿ ಬೇಕು, ಪೆಟ್ರೋಲ್ ಪಂಪಿಗೆ ಕರೆಂಟು ಬೇಕು, ಒಮ್ಮೆ ಓಡಲು ಶುರುವಾದರೆ ಅವೆರಡನ್ನೂ ಆಲ್ಟರ್ನೇಟರೇ ಸಾಕುತ್ತದೆ. ಬ್ಯಾಟರಿ ಕಡಿದರೂ ಇಂಜಿನ್ ನಿಲ್ಲಬೇಕೆಂದಿಲ್ಲ. ಆ ಸಣ್ಣ ಟರ್ಮಿನಲ್‌ಗಳಲ್ಲಿ ಒಂದು ಜೋಡಿ ಇರುವುದು ಕಿಡಿಯನ್ನೂ ಪಂಪನ್ನೂ ಕಡಿಯಲು. ಇನ್ನೊಂದು ಜೋಡಿ ಆಲ್ಟರ್ನೇಟರಿನ ಉಳಿದ ಕರೆಂಟನ್ನು ಒಂದು ರೆಸಿಸ್ಟರ್ ಮೂಲಕ ಕಾರಿನ ಮೈಗೆ ಇಳಿಸಿ ಡಯೋಡು ಉಳಿಸಲು. ಟ್ಯಾಂಕರಿನಲ್ಲಿ ಇಂಜಿನ್ ನಿಲ್ಲಿಸಿದವನು ಸ್ವಿಚ್ ಆರಿಸುತ್ತಾನೆ. ರೇಸ್ ಕಾರಿನಲ್ಲಿ ಸ್ವಿಚ್ಚೇ ಇಂಜಿನ್ ನಿಲ್ಲಿಸಬೇಕು. ಉರುಳಿದ ಕಾರಿನ ಹತ್ತಿರ ಓಡಿ ಬಂದವನಿಗೆ ಮೊದಲು ಇಂಜಿನ್ ನಿಲ್ಲಿಸು ಎಂದು ಹೇಳುವುದು ಯಾವ ನ್ಯಾಯ?

ಸ್ಪರ್ಧೆ ಒಂದು ಬಯಲಿನಲ್ಲಿ, ಬೆಳಗಿನ ಹೊತ್ತು. ತಪಾಸಣೆಯವರೂ ಸಾಲು ಉದ್ದವಿದೆಯೆಂದು ಇಂಜಿನ್ ಆಫ್ ಇದ್ದಾಗಲೇ ಕೀಲಿ ತಿರುಗಿಸಿ ಸ್ಟಿಕರ್ ಅಂಟಿಸಿದರು. ಮೂರನೇ ಸುತ್ತಿನಲ್ಲಿ ಜಯೇಶ್‌ಭಾಯಿ ಓಡಿಸುತ್ತಿದ್ದ ಕಾರು ಟೈರುಗಳ ರಾಶಿಗೆ ಬಡಿದು ಪಕ್ಕಕ್ಕೆ ಮಗುಚಿತು. ಎಲ್ಲರಿಗಿಂತ ಮೊದಲು ತಲುಪಿದವನು ಮಹೇಶ್. ಕೆಂಪು ಕೀಲಿ ತಿರುಗಿಸಿದ. ಇಂಜಿನ್ ಕೂಗುತ್ತಲೇ ಇತ್ತು. ವಾಪಸ್ ತಿರುಗಿಸಿ ಮತ್ತೆ ತಿರುಗಿಸಿದ. ಮೂರನೇ ಸಲವೂ ತಿರುಗಿಸಿದ. ನಾನು ಬೇಲಿಯ ಹತ್ತಿರ ನಿಂತು ಎಣಿಸುತ್ತಿದ್ದೆ. ಹರಿದ ಪೈಪಿನಿಂದ ಪಂಪು ಪೆಟ್ರೋಲನ್ನು ನೆಲಕ್ಕೆ ಸುರಿಯುತ್ತಲೇ ಇತ್ತು. ಕೊನೆಗೆ ಅವನು ಕಿಟಕಿಯೊಳಗೆ ಬಗ್ಗಿ, ಅಣ್ಣನ ಮೈಮೇಲಿಂದ ಕೈ ಹಾಕಿ ಕಾರಿನ ಕೀಲಿಯನ್ನೇ ಆರಿಸಿದ. ಅಷ್ಟರಲ್ಲಿ ಬೆಂಕಿ ಹೊತ್ತಿತ್ತು. ಜನ ಓಡಿ ಬಂದು ನಂದಿಸಿದರು. ಜಯೇಶ್‌ಭಾಯಿಗೆ ತರಚು ಗಾಯ. ಮಹೇಶನ ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳು ಸುಟ್ಟುಹೋದವು.

ಕಾರನ್ನು ಗ್ಯಾರೇಜಿಗೆ ತಂದ ದಿನವೇ ಟೆಸ್ಟ್ ಲ್ಯಾಂಪ್ ಹಿಡಿದು ಕೂತೆ. ಹತ್ತು ನಿಮಿಷಕ್ಕೆ ನಿಜ ತಿಳಿಯಿತು. ಜೊತೆಗೆ ಬಂದ ಆ ಕಾಗದವನ್ನು ಆಗ ಓದಿದೆ. ಮಾಲೀಕರಿಗೆ ಹೇಳಿದರೆ ಬಾಗಿಲು ಮುಂದೆ ಮಾಡಿ, "ಬೆನ್, ಈ ಮಾತು ಇಲ್ಲೇ ಇರಲಿ. ಪೊಲೀಸು, ಕೋರ್ಟು ನಿಮಗೂ ಬೇಡ, ನನಗೂ ಬೇಡ" ಎಂದರು. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಬಾಯಿ ನನ್ನದೇ ಇತ್ತು. ಬಿಚ್ಚಿದ ಸ್ವಿಚ್ ನನ್ನ ಡಬ್ಬಿಯ ತಳ ಸೇರಿತು.

ಆಸ್ಪತ್ರೆಗೆ ಹೋದೆ. ಮಹೇಶನ ಕೈಗೆ ಬಿಳಿ ಬಟ್ಟೆ ಸುತ್ತಿದ್ದರು. ಅವನೇ ಮೊದಲು ಮಾತಾಡಿದ.

"ಶಕುಬೆನ್, ಹೆದರಿಕೆಯಲ್ಲಿ ನಾನು ಪೂರ್ತಿ ತಿರುಗಿಸಲೇ ಇಲ್ಲ ಅನಿಸುತ್ತೆ. ನಿಮ್ಮ ಕೆಲಸ ತಪ್ಪೋದಿಲ್ಲ."

ಪಕ್ಕದಲ್ಲಿದ್ದ ಜಯೇಶ್‌ಭಾಯಿ ತಮ್ಮನ ತಲೆ ಸವರಿದರು. "ಗಾಬರಿಯಾಗಿಬಿಟ್ಟ ಪಾಪ. ಒಂದು ಸ್ವಿಚ್ ಆರಿಸೋಕೆ ಆಗಲಿಲ್ಲ."

ನಾನು "ವಿಶ್ರಾಂತಿ ತಗೊಳ್ಳಿ" ಎಂದೆ. ಅಷ್ಟೇ ಹೇಳಿ ಎದ್ದು ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಕಳೆದುಕೊಳ್ಳುವುದು ಎಷ್ಟಿರುತ್ತದೆ ಎಂದು ಯಾವ ಗಾದೆಯೂ ನನಗೆ ಹೇಳಿರಲಿಲ್ಲ.

ಗಾಯ ಮಾಯಿತು. ಬೆರಳಿನ ಅರಿವು ಬರಲಿಲ್ಲ. ಮಹೇಶ್ ಚಕ್ರದ ಮುಂದೆ ಕೂತು ಮೂರು ಹರಳು ಕೆಡಿಸಿದ ಮೇಲೆ ತಾನಾಗಿ ಎದ್ದ. ಅಣ್ಣ ಅವನನ್ನು ಬಿಡಲಿಲ್ಲ, ಕೆಳಗಿನ ಬಾಗಿಲಲ್ಲಿ ಬಂದುಹೋಗುವವರ ಹೆಸರು ಬರೆದುಕೊಳ್ಳುವ ಮೇಜು ಕೊಟ್ಟರು. ಕಾರ್ಖಾನೆಯಲ್ಲಿ ಒಂದು ತಮಾಷೆ ಹುಟ್ಟಿತು. ಕರೆಂಟು ಹೋಗಿ ಬಂದಾಗ ಯಾರಾದರೂ ಕೂಗುತ್ತಿದ್ದರು: "ಮೇನ್ ಸ್ವಿಚ್ ಮಹೇಶ್‌ಭಾಯಿ ಕೈಗೆ ಕೊಡಬೇಡಿ!" ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಎದುರಿನ ಗ್ಯಾರೇಜಿನವರೆಗೆ ಆ ನಗು ಕೇಳಿಸುತ್ತಿತ್ತು. ಆರು ತಿಂಗಳು ಕೇಳಿದೆ. ತಡೆಯಲಾಗಲಿಲ್ಲ. ವಡೋದರಾದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಕೆಲಸ ಸಿಕ್ಕಿದ್ದೇ ಓಡಿ ಬಂದೆ. ಯಜಮಾನರಿಗೆ ವರ್ಗ ಕೇಳಿಕೊಳ್ಳಲು ಹೇಳಿದೆ, ಸೂರತ್ತಿನ ಹವೆ ಒಗ್ಗುವುದಿಲ್ಲವೆಂದು ಸುಳ್ಳು ಹೇಳಿ.

ಕಾಲೇಜಿನಲ್ಲಿ ಪ್ರತಿ ವರ್ಷ ವಿದ್ಯಾರ್ಥಿಗಳು ಒಂದು ರೇಸ್ ಕಾರು ಕಟ್ಟುತ್ತಿದ್ದರು. ನನ್ನ ಲ್ಯಾಬಿನಲ್ಲಿ ಒಂದೇ ಕಾನೂನು. ಇಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಆಕ್ಸಿಲರೇಟರ್ ಒತ್ತಿ ಹಿಡಿದು, ಆಗ ಸ್ವಿಚ್ ಎಳೆಯಬೇಕು. ನಾನು ಮೂರು ಎನ್ನುವುದರೊಳಗೆ ಇಂಜಿನ್ ಸಾಯಬೇಕು. ಸಾಯದಿದ್ದರೆ ಇಡೀ ವೈರಿಂಗ್ ಬಿಚ್ಚಿಸುತ್ತಿದ್ದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಕಿಲ್‌ಸ್ವಿಚ್ ಆಂಟಿ ಎನ್ನುತ್ತಿದ್ದರು. ಒಂದು ತಂಡ ಹೊರಗಿನ ಎಳೆಗುಂಡಿಯ ಮೇಲೆಯೇ ಪ್ರಾಯೋಜಕರ ಸ್ಟಿಕರ್ ಅಂಟಿಸಿತ್ತು, ಗುಂಡಿ ಎಲ್ಲಿದೆಯೆಂದು ಕಟ್ಟಿದವರಿಗೇ ಗೊತ್ತಾಗಲಿಲ್ಲ. ಇನ್ನೊಂದು ವರ್ಷ ವಿಭಾಗದ ಮುಖ್ಯಸ್ಥರು ಕಾಗದದ ಮೇಲೆ ಅಳತೆ ಹಾಕಿ, ಡ್ರೈವರಿನ ಕೈಗೆ ಸ್ವಿಚ್ ಎಟುಕುತ್ತದೆ ಎಂದು ವಾದಿಸಿದರು. "ಸರ್, ಒಂದು ಸಲ ಕೂತು ತೋರಿಸಿ" ಎಂದು ಅವರನ್ನೇ ಕೂರಿಸಿ ಬೆಲ್ಟ್ ಬಿಗಿದೆ. ಬೆಲ್ಟ್ ಬಿಗಿದ ಮೇಲೆ ಮನುಷ್ಯನ ಭುಜ ಮುಂದೆ ಬರುವುದಿಲ್ಲ. ಸರ್ ಬೆರಳು ಆಡಿಸಿದರು, ಸ್ವಿಚ್ ಒಂದು ಗೇಣು ದೂರ. ಬಿಚ್ಚಿ ಎಂದರು. ಬಿಚ್ಚುವ ಮೊದಲು ಸ್ವಿಚ್ಚಿನ ಜಾಗ ಬದಲಿಸಲು ಒಪ್ಪಿಸಿಕೊಂಡೆ. ಆ ವರ್ಷ ನನ್ನ ವಾರ್ಷಿಕ ವರದಿಯಲ್ಲಿ "ಸ್ವಭಾವ ಒರಟು" ಎಂದು ಬಂತು.

ಈಗಿನ ಕಾರುಗಳಲ್ಲಿ ಕೆಂಪು ಕೀಲಿಯೂ ಹೋಗುತ್ತಿದೆ. ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ, ಒಂದು ಗುಂಡಿ, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ ಎನ್ನುತ್ತಾರೆ. ನೋಡಿಕೊಳ್ಳಲಿ. ನೀವು ಇಂಜಿನ್ ಓಡಿಸಿಯೇ ಗುಂಡಿ ಒತ್ತಿ ನೋಡಿ.

ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದವಳು, ಕಾರಣ ಏನೆಂದು ಒಬ್ಬರಿಗೂ ಹೇಳಲಿಲ್ಲ. ಹದಿನಾಲ್ಕು ವರ್ಷ. ಪ್ರತಿ ವರ್ಷ ಚಂದನಿ ಪಡವೋ ಹಬ್ಬಕ್ಕೆ ಸೂರತ್ತಿನಿಂದ ಒಂದು ಡಬ್ಬಿ ಘಾರಿ ಬರುತ್ತದೆ, ತುಪ್ಪ ಸುರಿದ ಆ ಸಿಹಿ. ಕಳಿಸುವವನು ಮಹೇಶ್. ಯಜಮಾನರು ಚಪ್ಪರಿಸಿ ತಿನ್ನುತ್ತಾರೆ. ನಾನು ಸಕ್ಕರೆ ಕಾಯಿಲೆ ಎಂದು ಹೇಳಿ ತಿನ್ನುವುದಿಲ್ಲ. ನನಗೆ ಸಕ್ಕರೆ ಕಾಯಿಲೆ ಇಲ್ಲ.

ಶುಕ್ರವಾರ ಬೆಳಿಗ್ಗೆ ಅನಘಾಳ ಗ್ಯಾರೇಜಿಗೆ ಹೋದೆ. ಸ್ವಿಚ್ ಪೆಟ್ಟಿಗೆ ನನ್ನ ಚೀಲದಲ್ಲಿತ್ತು. ಅವಳ ಸರ್ ಮೂವತ್ತೈದರ ಯುವಕ, ಸಭ್ಯಸ್ಥ. ಮೊದಲು ಅವರು ಹೇಳಿದ ಹಾಗೆಯೇ ಎರಡು ದಪ್ಪ ಕೇಬಲ್ ಮಾತ್ರ ಜೋಡಿಸಿಕೊಟ್ಟು, ಇಂಜಿನ್ ಓಡಿಸಿ ನೋಡೋಣ ಎಂದೆ.

"ಅರೆ ಮೇಡಂ, ಚಾಲೂ ಇಂಜಿನ್ ಮೇಲೆ ತಿರುಗಿಸಬಾರದು. ಆಲ್ಟರ್ನೇಟರ್ ಸುಡುತ್ತೆ."

ನನ್ನದೇ ಮಾತು ಹದಿನಾಲ್ಕು ವರ್ಷ ಊರೂರು ಸುತ್ತಿ ಎದುರಿಗೆ ಬಂದು ನಿಂತಿತ್ತು. "ಸುಟ್ಟರೆ ಹೊಸದು ನಾನು ತಂದುಕೊಡುತ್ತೇನೆ" ಎಂದೆ. "ಅನಘಾ, ಸ್ಟಾರ್ಟ್ ಮಾಡು."

ಕೀಲಿ ತಿರುಗಿಸಿದೆ. ಇಂಜಿನ್ ಒಮ್ಮೆ ಕೆಮ್ಮಿ ಓಡುತ್ತಲೇ ಇತ್ತು. ಸೀಟಿನಲ್ಲಿ ಕೂತಿದ್ದ ಅನಘಾ ನನ್ನ ಮುಖ ನೋಡಿದಳು. ಸರ್ ಇಂಜಿನ್ ಆರಿಸಲು ಹೇಳಿ ಸ್ಪ್ಯಾನರ್ ತಂದರು. ಆಮೇಲೆ ಮೂವರೂ ಕೂತು ನಾಲ್ಕು ಸಣ್ಣ ಟರ್ಮಿನಲ್ ಜೋಡಿಸಿದೆವು. ಕಿಡಿ ಮತ್ತು ಪಂಪಿಗೆ ಎರಡು, ರೆಸಿಸ್ಟರಿಗೆ ಎರಡು. ಮತ್ತೆ ಸ್ಟಾರ್ಟ್ ಮಾಡಿ ತಿರುಗಿಸಿದೆ. ಒಂದು ಎನ್ನುವಷ್ಟರಲ್ಲಿ ನಿಂತಿತು.

"ಸತ್ತೋಯ್ತು ಆಂಟಿ!" ಎಂದು ಅನಘಾ ಒಳಗಿಂದಲೇ ಕುಣಿದಳು. ಆಮೇಲೆ ಕೇಳಿದಳು, "ನಿಮಗೆ ಇದು ಹೆಂಗೆ ಗೊತ್ತಾಯ್ತು?"

ಅಲ್ಲೇ, ಆ ಕಾರಿನ ಪಕ್ಕದಲ್ಲೇ ನಿಂತು ಹೇಳಿದೆ. ಮೊದಲ ಸಲ ಹೇಳಿದ್ದು ಆ ಹುಡುಗಿಗೆ. ಅವಳು ಬೆಲ್ಟ್ ಬಿಚ್ಚದೆ ಪೂರ್ತಿ ಕೇಳಿದಳು. ಕೊನೆಗೆ, "ಅವರಿಗೆ ಹೇಳಿಲ್ವಾ ಆಂಟಿ?" ಎಂದಳು.

ಶನಿವಾರ ಸೂರತ್ತಿನ ರೈಲು ಹತ್ತಿದೆ. ಎರಡು ತಾಸಿನ ದಾರಿ, ಸೀಟು ಸಿಕ್ಕರೂ ಬಾಗಿಲ ಬಳಿಯೇ ನಿಂತಿದ್ದೆ. ಭರೂಚಿನಲ್ಲಿ ಇಳಿದು ವಾಪಸ್ ಹೋಗಿಬಿಡೋಣ ಎನಿಸಿತು. ಇಳಿದೆ ಕೂಡ. ಶೇಂಗಾ ಕೊಂಡು ಮತ್ತೆ ಹತ್ತಿದೆ.

ಮಹೇಶ್ ಬಾಗಿಲ ಮೇಜಿನಲ್ಲೇ ಇದ್ದ. ಕೂದಲು ನೆರೆತಿತ್ತು. "ಶಕುಬೆನ್! ಘಾರಿ ಸಿಕ್ತಾ ಈ ಸಲ?" ಎಂದು ಎದ್ದು ನೀರು ತಂದುಕೊಟ್ಟ. ನಾನು ನೀರು ಮುಟ್ಟದೆ ಚೀಲದಿಂದ ಹಳೆಯ ಸ್ವಿಚ್ ತೆಗೆದು ಮೇಜಿನ ಮೇಲಿಟ್ಟೆ.

"ಇದು ಆ ಕಾರಿನದು, ಮಹೇಶ್‌ಭಾಯಿ. ನೀವು ಸರಿಯಾಗೇ ತಿರುಗಿಸಿದ್ರಿ. ವೈರಿಂಗ್ ತಪ್ಪಿತ್ತು. ನಾನು ಮಾಡಿದ ವೈರಿಂಗ್. ಈ ನಾಲ್ಕು ಖಾಲಿ ಬಿಟ್ಟಿದ್ದೆ."

ಅವನು ಅದನ್ನು ಕೈಗೆತ್ತಿಕೊಂಡು, ಟೇಪಿನ ಮೇಲೆ ಬೆರಳಾಡಿಸಿದ. ಸುಟ್ಟ ಬೆರಳಿಗೆ ಏನೂ ತಿಳಿಯಲಿಲ್ಲವೇನೋ, ಎಡಗೈಗೆ ಬದಲಿಸಿದ.

"ಮೂರು ಸಲ ತಿರುಗಿಸಿದೆ. ಮೂರೂ ಸಲ ಸರಿಯಾಗಿತ್ತಾ?"

"ಮೂರೂ ಸಲ. ನಾನು ನೋಡಿದ್ದೆ."

"ಆಸ್ಪತ್ರೆಗೆ ಬಂದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬೈಯುತ್ತಾನೆ ಎಂದು ಕಾದೆ, ಬೈದರೆ ಹಗುರವಾಗುತ್ತಿತ್ತು. ಅವನ ಕಣ್ಣು ಕೆಂಪಾಯಿತು. ಸ್ವಿಚ್ ಹಿಡಿದು ಎದ್ದು ನಿಂತ.

"ಮೇಲೆ ಬನ್ನಿ. ಭಾಯಿ ಇದ್ದಾರೆ, ಕಾರಿಗರರೆಲ್ಲ ಇದ್ದಾರೆ. ಅಲ್ಲಿ ಹೇಳಿ. ನಾನು ಹೇಳಿದರೆ ನೆಪ ಅಂತಾರೆ."

ಅವನ ಹಿಂದೆ ಮೆಟ್ಟಿಲು ಹತ್ತಿದೆ. ಒಳಗೆ ಸಾಲಾಗಿ ಕೂತ ಜನ, ತಿರುಗುವ ಚಕ್ರಗಳ ಸದ್ದು. ಜಯೇಶ್‌ಭಾಯಿ ಗಾಜಿನ ಕೋಣೆಯಿಂದ ನನ್ನನ್ನು ಕಂಡು ಕೈ ಬೀಸಿ ಹೊರಗೆ ಬಂದರು, ಏನೋ ಕೇಳಿದರು. ಆ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಮಹೇಶ್ ಬಾಗಿಲ ಪಕ್ಕದ ಗೋಡೆಯ ಹತ್ತಿರ ಹೋದ. ಅಲ್ಲಿ ಮೇನ್ ಸ್ವಿಚ್ ಇತ್ತು. ಯಾರೋ ಅಭ್ಯಾಸಬಲದಿಂದ ನಗಲು ಶುರು ಮಾಡಿದರು. ಅವನು ಬಲಗೈಯಲ್ಲೇ ಹಿಡಿಕೆ ಹಿಡಿದು ಕೆಳಗೆ ಎಳೆದ.

ಚಕ್ರಗಳು ಒಂದೊಂದಾಗಿ ನಿಂತವು. ನಗುವೂ ನಿಂತಿತು. ಎಲ್ಲರೂ ತಿರುಗಿ ನೋಡಿದರು.

"ಈಗ ಹೇಳಿ, ಬೆನ್" ಎಂದ.

ಹೇಳಿದೆ.